ಯೋಗೇಶನ ಲೈನ್ ಕ್ಲಿಯರ್

ಯೋಗೇಶನಿಗೆ ಕಂಬ ಹತ್ತುವುದನ್ನು ಕಲಿಸಿದವನು ಉಜ್ಜಪ್ಪ. ಶಿರಾಳಕೊಪ್ಪದ ಸುತ್ತಿನ ಹಳ್ಳಿಗಳಲ್ಲಿ ತಲೆ ನೆರೆಯುವವರೆಗೂ ಲೈನ್‌ಮನ್ ಆಗಿ ದುಡಿದವನು. ಈಗ ಇಲಾಖೆಯವರು ಲೈನ್‌ಮನ್ ಅನ್ನುವುದಿಲ್ಲ, ಪವರ್‌ಮ್ಯಾನ್ ಅನ್ನುತ್ತಾರೆ. ಕನ್ನಡದ ಆದೇಶಗಳಲ್ಲಿ ಮಾರ್ಗದಾಳು ಅಂತ ಇರುತ್ತದೆ. ಆದರೆ ಕರೆಂಟ್ ಹೋದಾಗ ಊರವರ ಬಾಯಲ್ಲಿ ಮಾರ್ಗದಾಳು ಬರುವುದಿಲ್ಲ. "ಆ ಲೈನ್‌ಮನ್ ಎಲ್ಲಿ ಸತ್ತ?" ಅಂತಲೇ ಕೇಳುತ್ತಾರೆ.

ಮೊದಲ ದಿನ ಉಜ್ಜಪ್ಪ ಅವನನ್ನು ಹತ್ತಿಸಲಿಲ್ಲ. ಕಂಬದ ಬುಡದಲ್ಲಿ ಎದುರಿಗೆ ಕೂರಿಸಿಕೊಂಡು ಕೇಳಿದ.

"ಐ.ಟಿ.ಐ. ಮಾಡಿದೀಯಲ್ಲ, ಲೈನ್ ಅಂದ್ರೆ ಏನು ಹೇಳು."

"ತಂತಿ ಸಾರ್."

"ಬಟ್ಟೆ ಒಣಗ್ಸೋದಕ್ಕೂ ತಂತಿ ಕಟ್ತಾರೆ. ಅದು ಲೈನಾ?"

ಉಜ್ಜಪ್ಪ ತಾನೇ ಬಿಡಿಸಿ ಹೇಳಿದ. ಲೈನ್ ಎಳೆದರು ಅಂದರೆ ತಂತಿ ಎಳೆದರು. ಲೈನ್ ಬಂತು ಅಂದರೆ ಕರೆಂಟ್ ಬಂತು. ಒಬ್ಬ ಲೈನಲ್ಲಿದಾನೆ ಅಂದರೆ ಕಂಬದ ಮೇಲಿದಾನೆ, ಅವನನ್ನು ಮಾತಾಡಿಸಬಾರದು. ಇನ್ನು ಲೈನ್ ಕ್ಲಿಯರ್. ಸಬ್ ಸ್ಟೇಷನ್ನಿನ ಆಪರೇಟರು ಆ ದಾರಿಯ ಕರೆಂಟ್ ತೆಗೆದು, ಈಗ ಕೆಲಸ ಮಾಡಿಕೋ ಅಂತ ಒಪ್ಪಿಸುವುದಕ್ಕೆ ಆ ಹೆಸರು. ಚಿಕ್ಕದಾಗಿ ಎಲ್.ಸಿ. ಅನ್ನುತ್ತಾರೆ.

"ಎಲ್.ಸಿ. ತಗೊಂಡವನೇ ವಾಪಸ್ ಕೊಡ್ಬೇಕು. ಬೇರೆ ಯಾರ ಬಾಯಿಂದ ಬಂದ್ರೂ ಅದು ವಾಪಸ್ ಅಲ್ಲ. ನೆನಪಿಟ್ಕೊ, ಇದೊಂದು ಮಾತಿನ ಮೇಲೆ ನಾವೆಲ್ಲ ಬದುಕಿರೋದು."

ಯೋಗೇಶ ನೆನಪಿಟ್ಟುಕೊಂಡ. ಕಂಬದ ಮೇಲೆ ಅವನಂತೆ ಚುರುಕಾಗಿ ಕೆಲಸ ಮಾಡುವವರು ಆ ಗ್ಯಾಂಗಿನಲ್ಲಿ ಇರಲಿಲ್ಲ. ಅವನಿಗೆ ಹೆದರಿಕೆ ಇದ್ದದ್ದು ನಾಯಿಗಳಿಗೆ ಮಾತ್ರ. ಬೀದಿಯಲ್ಲಿ ನಾಯಿ ಬೊಗಳಿದರೆ ಯಾವುದಾದರೂ ಕಂಬ ಹತ್ತಿ ಕೂರುತ್ತಾನೆ ಅಂತ ಜೊತೆಯವರು ನಗುತ್ತಿದ್ದರು. ಅವನೂ ನಗುತ್ತಿದ್ದ. ಊರು ಸೊರಬದ ಹೊಸಬಾಳೆ. ಯೋಗೇಶ ಸಣ್ಣವನಿದ್ದಾಗಲೇ ಅಪ್ಪ ತೀರಿಕೊಂಡಿದ್ದ. ಮನೆಯಲ್ಲಿ ಇದ್ದದ್ದು ತಾಯಿ ಲೋಕಮ್ಮ ಮತ್ತು ಅವನು.

ಇಲಾಖೆಯ ಹೊರಗೆ ಲೈನ್ ಅನ್ನುವುದಕ್ಕೆ ಬೇರೆ ಅರ್ಥಗಳಿವೆ. ಹುಡುಗ ಹುಡುಗಿಯ ಹಿಂದೆ ತಿರುಗಿದರೆ ಲೈನ್ ಹೊಡೆಯುತ್ತಾನೆ ಅನ್ನುತ್ತಾರೆ. ಫೋನಿನಲ್ಲಿ ಬೇರೆಯವರ ಜೊತೆ ಮಾತಾಡುತ್ತಿದ್ದರೆ ಅವನು ಲೈನಲ್ಲಿದಾನೆ. ಮನೆಯಲ್ಲಿ ಮದುವೆಯಾಗದ ಅಕ್ಕ ಇದ್ದರೆ ತಂಗಿಯನ್ನು ಕೇಳುವ ಹಾಗಿಲ್ಲ. ಅಕ್ಕನಿಗೆ ಗಂಡು ಗೊತ್ತಾದ ದಿನ ತಂಗಿಯನ್ನು ಮೆಚ್ಚಿಕೊಂಡವನ ಬೆನ್ನಿಗೆ ಗೆಳೆಯರು ಗುದ್ದಿ, ಲೈನ್ ಕ್ಲಿಯರ್ ಆಯ್ತಲ್ಲೋ ಅನ್ನುತ್ತಾರೆ.

ಯೋಗೇಶ ಈ ಲೈನ್ ಕ್ಲಿಯರಿಗೂ ಕಾಯುತ್ತಿದ್ದ.

ಹುಡುಗಿಯ ಹೆಸರು ಶಶಿರೇಖಾ. ಲೋಕಮ್ಮನ ದೊಡ್ಡಪ್ಪನ ಮಗ ಜಯಪ್ಪ ಶಿರಾಳಕೊಪ್ಪದ ಹತ್ತಿರದ ಹಳ್ಳಿಯಲ್ಲಿದ್ದ. ಅವನ ಎರಡನೇ ಮಗಳು. ಸೋದರಮಾವನ ಮಗಳಾದ್ದರಿಂದ ಕೇಳುವುದಕ್ಕೆ ಅಡ್ಡಿ ಇರಲಿಲ್ಲ, ಜಯಪ್ಪನಿಗೂ ಮನಸ್ಸಿತ್ತು. ಅಡ್ಡ ಇದ್ದದ್ದು ದೊಡ್ಡ ಮಗಳು ಅಶ್ವಿನಿ. ಅವಳು ಯೋಗೇಶನಿಗಿಂತ ವಯಸ್ಸಿನಲ್ಲಿ ದೊಡ್ಡವಳು. ನೋಡಲು ಬಂದವರೆಲ್ಲ ಉಪ್ಪಿಟ್ಟು ತಿಂದು, ಊರಿಗೆ ಹೋಗಿ ಹೇಳಿ ಕಳಿಸುತ್ತೇವೆ ಅಂದು ಹೋಗುತ್ತಿದ್ದರು. ಯಾರೂ ಹೇಳಿ ಕಳಿಸುತ್ತಿರಲಿಲ್ಲ.

"ದೊಡ್ಡವಳದ್ದು ಆಗೋ ತನಕ ಸಣ್ಣವಳ ಮಾತು ಎತ್ಬೇಡ ಲೋಕವ್ವ," ಅಂತ ಜಯಪ್ಪ ಹೇಳಿಬಿಟ್ಟಿದ್ದ. "ನಿನ್ನ ಮಗ ಅಲ್ಲಿ ತನಕ ಕಂಬದ ಮೇಲೇ ಇರ್ಲಿ."

ಈ ಸುದ್ದಿ ಸಬ್ ಸ್ಟೇಷನ್ನಿಗೂ ಮುಟ್ಟಿತ್ತು. ಅಲ್ಲಿ ನಾಗೇಶ ಅಂತ ಆಪರೇಟರ್, ಯೋಗೇಶನ ಜೊತೆ ಐ.ಟಿ.ಐ. ಓದಿದವನು. ಯೋಗೇಶ ಫೋನಿಗೆ ಸಿಗದಿದ್ದಾಗ ಶಶಿರೇಖಾ ಮನೆಯ ಸುದ್ದಿಯನ್ನು ನಾಗೇಶನಿಗೆ ಫೋನ್ ಮಾಡಿ ಹೇಳುತ್ತಿದ್ದಳು. ಯೋಗೇಶ ಎಲ್.ಸಿ. ಕೇಳಲು ಫೋನ್ ಮಾಡಿದಾಗಲೆಲ್ಲ ನಾಗೇಶ ಒಂದು ಮಾತು ಸೇರಿಸದೆ ಬಿಡುತ್ತಿರಲಿಲ್ಲ.

"ಯಾವ ಲೈನ್ ಕ್ಲಿಯರ್ ಬೇಕು ಮಾರಾಯ? ಕಂಬದ್ದಾದ್ರೆ ಈಗ್ಲೇ ಕೊಡ್ತೀನಿ. ಇನ್ನೊಂದು ನನ್ನ ಕೈಯಲ್ಲಿಲ್ಲ, ಜಯಪ್ಪನೋರ ಕೈಯಲ್ಲಿದೆ."

"ಮೊದ್ಲು ಇದನ್ನ ಕೊಡೋ, ಬಿಸಿಲು ಏರ್ತಿದೆ," ಅನ್ನುತ್ತಿದ್ದ ಯೋಗೇಶ.

ಹೀಗೆ ಒಂದೇ ಮಾತು ಇಬ್ಬರ ನಡುವೆ ಎರಡು ಕೆಲಸ ಮಾಡುತ್ತಿತ್ತು. ನಡೆಯುತ್ತಲೂ ಇತ್ತು, ಯಾಕೆಂದರೆ ಯಾವುದು ಯಾವಾಗ ಅಂತ ಇಬ್ಬರಿಗೂ ಗೊತ್ತಾಗುತ್ತಿತ್ತು.

ಒಂದು ದಿನ ಅಶ್ವಿನಿಯನ್ನು ನೋಡಲು ಮತ್ತೆ ಯಾರೋ ಬರುವವರಿದ್ದರು, ಅದು ಯೋಗೇಶನಿಗೂ ಗೊತ್ತಿತ್ತು. ಅವತ್ತು ಜೋಳದ ಹೊಲಗಳ ನಡುವಿನ ಒಂದು ಕಂಬದಲ್ಲಿ ತಂತಿ ಕೂರಿಸುವ ಪಿಂಗಾಣಿ ಒಡೆದಿತ್ತು. ಯೋಗೇಶ ಮತ್ತು ಉಜ್ಜಪ್ಪ ಹೋದರು. ಕರೆಂಟ್ ತೆಗೆಸಿದ ಮೇಲೂ ತಂತಿಗೆ ಅರ್ಥಿಂಗ್ ರಾಡ್ ಸಿಕ್ಕಿಸಿ ನೆಲಕ್ಕೆ ಇಳಿಸಬೇಕು. ಆಗ ತಪ್ಪಿ ಕರೆಂಟ್ ಬಂದರೂ ಮೇಲಿರುವವನು ಉಳಿಯುತ್ತಾನೆ. ಆ ಗ್ಯಾಂಗಿಗೆ ಇದ್ದದ್ದು ಒಂದೇ ರಾಡು, ಅದನ್ನು ಬೆಳಿಗ್ಗೆಯೇ ಇನ್ನೊಂದು ಕೆಲಸಕ್ಕೆ ಒಯ್ದಿದ್ದರು. ಉಜ್ಜಪ್ಪ ಕಾಯೋಣ ಅಂದ. ಆದರೆ ಹೊಲದವರು ಬದುವಿನ ಮೇಲೆ ನಿಂತು ಬೈಯುತ್ತಿದ್ದರು, ನೀರಿನ ಮೋಟರುಗಳು ನಿಂತಿದ್ದವು. ಯೋಗೇಶ ಫೋನ್ ಮಾಡಿ ನಾಗೇಶನಿಂದ ಎಲ್.ಸಿ. ತೆಗೆದುಕೊಂಡ. ಫೋನನ್ನು ಉಜ್ಜಪ್ಪನ ಕೈಗೆ ಕೊಟ್ಟು ಹತ್ತಿದ.

ಅದೇ ಹೊತ್ತಿಗೆ ಜಯಪ್ಪನ ಮನೆಯಲ್ಲಿ ಅಶ್ವಿನಿಯನ್ನು ನೋಡಲು ಬಂದವರು ಈ ಸಲ ಊರಿಗೆ ಹೋಗಿ ಹೇಳುತ್ತೇವೆ ಅನ್ನಲಿಲ್ಲ. ಕೂತಲ್ಲೇ ಒಪ್ಪಿ, ತಾಂಬೂಲ ಬದಲಾಯಿಸಿದರು. ಶಶಿರೇಖಾ ಹಿತ್ತಿಲಿಗೆ ಹೋಗಿ ಯೋಗೇಶನಿಗೆ ಫೋನ್ ಮಾಡಿದಳು. ಎತ್ತಿದವನು ಉಜ್ಜಪ್ಪ.

"ಅವ್ನು ಲೈನಲ್ಲಿದಾನೆ ಕಣವ್ವ, ಆಮೇಲೆ ಮಾಡು," ಅಂದು ಇಟ್ಟುಬಿಟ್ಟ.

ಶಶಿರೇಖಾ ಅದನ್ನು ಬೇರೆ ಥರ ತಿಳಿದಳು. ಬೇರೆ ಯಾರ ಜೊತೆಗೋ ಇನ್ನೊಂದು ಫೋನಿನಲ್ಲಿ ಮಾತಾಡುತ್ತಿದ್ದಾನೆ ಅಂದುಕೊಂಡಳು. ಕಂಬದ ಮೇಲಿದ್ದಾನೆ ಅಂತ ತಿಳಿದಿದ್ದರೆ ಇಳಿಯುವವರೆಗೆ ಕಾಯುತ್ತಿದ್ದೆ ಅಂತ ಅವಳು ಆಮೇಲೆ ಎಷ್ಟೋ ಜನರ ಎದುರು ಹೇಳಿದಳು. ಯಾರೂ ನಿಂತು ಕೇಳಲಿಲ್ಲ. ಸಂತೋಷದ ಸುದ್ದಿ, ತಡೆದುಕೊಳ್ಳಲು ಆಗದೆ ನಾಗೇಶನಿಗೆ ಫೋನ್ ಮಾಡಿದಳು.

ನಾಗೇಶ ಆಗಷ್ಟೇ ಪಾಳಿ ಮುಗಿಸಿ ಬೈಕಿನಲ್ಲಿ ಹೊರಟು, ಶಿರಾಳಕೊಪ್ಪದ ಒಂದು ಹೋಟೆಲಿನ ಮುಂದೆ ನಿಂತಿದ್ದ. ಹೋಗುವ ಮುಂಚೆ, ಯೋಗೇಶನ ಎಲ್.ಸಿ. ಇದೆ ಅಂತ ಮುಂದಿನ ಪಾಳಿಯವನಿಗೆ ಬಾಯಲ್ಲಿ ಹೇಳಿಯೇ ಬಂದಿದ್ದ. ಮುಂದಿನ ಪಾಳಿಯವನು ಸಂಗಮೇಶ, ಹೊಸಬ. ಅವನು ಬಂದು ತಿಂಗಳಾಗಿರಲಿಲ್ಲ. ಶಶಿರೇಖಾ ಅನ್ನುವ ಹುಡುಗಿ ಇದ್ದಾಳೆ ಅನ್ನುವುದೂ ಅವನಿಗೆ ಗೊತ್ತಿರಲಿಲ್ಲ.

ಅವಳ ಮಾತು ಮುಗಿದದ್ದೇ ನಾಗೇಶ ಸಬ್ ಸ್ಟೇಷನ್ನಿಗೆ ಫೋನ್ ಹಚ್ಚಿದ.

"ಲೇ ಸಂಗಮೇಶ, ನಮ್ಮ ಯೋಗೇಶಂದು ಲೈನ್ ಕ್ಲಿಯರ್ ಆಯ್ತು ಕಣೋ!"

ಸಂಗಮೇಶನಿಗೆ ಹೊಲದವರ ಫೋನುಗಳು ಬಂದು ಬಂದು ತಲೆ ಕೆಟ್ಟಿತ್ತು. ಎಲ್.ಸಿ. ಕೊಟ್ಟವನೇ ಹೇಳುತ್ತಿದ್ದಾನೆ ಅಂತ ಅವನಿಗೆ ಸಮಾಧಾನವಾಯಿತು.

"ಆಯ್ತಾ? ಹಾಕ್ಲಾ ಹಂಗಾದ್ರೆ?"

"ಹಾಕು ಹಾಕು. ತಡ ಯಾಕೆ?"

ಸುದ್ದಿಯನ್ನು ಸ್ಟೇಷನ್ನಿನವರ ವಾಟ್ಸಾಪ್ ಗ್ರೂಪಿಗೆ ಹಾಕಲಾ ಅಂತ ಕೇಳುತ್ತಿದ್ದಾನೆ ಅಂದುಕೊಂಡೆ ಅಂತ ನಾಗೇಶ ಆಮೇಲೆ ಹೇಳಿದ. ಸಂಗಮೇಶ ಲೈನ್ ಹಾಕಿದ.

ಉಜ್ಜಪ್ಪನಿಗೆ ಮೊದಲು ಕೇಳಿಸಿದ್ದು ಒಂದು ಸಣ್ಣ ಸದ್ದು, ಒಗ್ಗರಣೆಗೆ ಸಾಸಿವೆ ಬಿದ್ದ ಹಾಗೆ. ತಲೆ ಎತ್ತಿದಾಗ ಯೋಗೇಶ ಸೊಂಟದ ಬೆಲ್ಟಿನಲ್ಲಿ ಹಿಂದಕ್ಕೆ ಬಾಗಿ ನೇತಾಡುತ್ತಿದ್ದ. ಎರಡು ಕೈಗಳೂ ತಂತಿಯ ಕಡೆಗೇ ಚಾಚಿಕೊಂಡಿದ್ದವು. ದೂರದ ಹೊಲದಲ್ಲಿ ಮೋಟರು ಶುರುವಾಯಿತು. ಯಾರೋ ಖುಷಿಯಲ್ಲಿ ಶಿಳ್ಳೆ ಹೊಡೆದರು.

ಜೀವ ಉಳಿಯಿತು. ದೊಡ್ಡಾಸ್ಪತ್ರೆಯಲ್ಲಿ ಬಲಗೈಯನ್ನು ಮೊಣಕೈ ಮೇಲಕ್ಕೆ ಕತ್ತರಿಸಿದರು, ಎಡಗೈಯನ್ನು ಮೊಣಕೈಯಿಂದ ಸ್ವಲ್ಪ ಕೆಳಕ್ಕೆ. ಎಚ್ಚರ ಬಂದಾಗ ಯೋಗೇಶ ಕೇಳಿದ ಮೊದಲ ಮಾತು, ಅಶ್ವಿನಿಯದು ಏನಾಯಿತು ಅನ್ನುವುದು. ಆಗಿದೆ ಅಂತ ಲೋಕಮ್ಮ ಹೇಳಿದಳು. ಅವನ ಮುಖದಲ್ಲಿ ನಗು ಕಂಡಿತು. ಕೈಗಳ ಸುದ್ದಿ ಅವನಿಗೆ ಆಗ ಇನ್ನೂ ಗೊತ್ತಿರಲಿಲ್ಲ. ಚಾದರದ ಒಳಗೆ ಬೆರಳುಗಳು ಉರಿಯುತ್ತಿವೆ, ಸ್ವಲ್ಪ ಎಣ್ಣೆ ಹಚ್ಚು ಅಂದ.

ವಿಚಾರಣೆಗೆ ಮೇಲಿನಿಂದ ಒಬ್ಬ ಅಧಿಕಾರಿ ಬಂದರು. ಟೈಪ್ ಮಾಡುವವನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಗೇಶನನ್ನು ಕೇಳಿದರು.

"ನೀವು ಲೈನ್ ಕ್ಲಿಯರ್ ಆಯ್ತು ಅಂತ ಹೇಳಿದ್ದು ನಿಜಾನೇನ್ರೀ?"

"ನಿಜ ಸಾರ್. ಆದ್ರೆ ಈ ಲೈನ್ ಅಲ್ಲ ಸಾರ್."

"ಮತ್ತೆ ಯಾವ ಲೈನು?"

"ಹುಡುಗಿ ಲೈನ್ ಸಾರ್."

ಟೈಪ್ ಮಾಡುವವನು ಕಿಸಕ್ಕನೆ ನಕ್ಕ. ಬಾಗಿಲಲ್ಲಿ ನಿಂತಿದ್ದವರೂ ನಕ್ಕರು. ಅಧಿಕಾರಿ ಕನ್ನಡಕ ತೆಗೆದು ಕಿಟಕಿಯ ಕಡೆ ತಿರುಗಿ ಅದನ್ನು ಒರೆಸುತ್ತಾ ಇದ್ದರು. ತಿರುಗಿದಾಗ ಮುಖ ಗಂಭೀರವಾಗಿತ್ತು.

"ಇದನ್ನ ಹೇಗ್ರೀ ಬರೆಯೋದು?" ಅಂದರು.

ಕೊನೆಗೆ, ಸಿಬ್ಬಂದಿಯ ನಡುವೆ ಸಂವಹನದ ಕೊರತೆ ಅಂತ ಬರೆಸಿದರು. ಅದರ ಕೆಳಗೆ, ಗಾಯಾಳು ಅರ್ಥಿಂಗ್ ಮಾಡದೆ ಕಂಬ ಹತ್ತಿದ್ದು ಸ್ವಂತ ನಿರ್ಲಕ್ಷ್ಯ ಅಂತಲೂ ಬರೆಸಿದರು. ರಾಡು ಒಂದೇ ಇತ್ತು ಅಂತ ಉಜ್ಜಪ್ಪ ಹೇಳಿದ್ದ. ಅದನ್ನು ಬರೆಯುವುದಕ್ಕೆ ಯಾರೂ ಹೇಳಲಿಲ್ಲ. ನಾಗೇಶನಿಗೆ ಬೇರೆ ಕಡೆಗೆ ವರ್ಗವಾಯಿತು. ಹೋಗುವ ಮುಂಚೆ ಅವನು ಯೋಗೇಶನನ್ನು ನೋಡಲು ಬರಲಿಲ್ಲ. ಸಂಗಮೇಶ ಒಂದು ಸಲ ಬಂದು, ವಾರ್ಡಿನ ಬಾಗಿಲಿನಿಂದಲೇ ನೋಡಿ ಹೋದ.

ಮನೆಗೆ ಬಂದ ಮೇಲೆ ಯೋಗೇಶ ಬಹಳ ದಿನ ಹೊರಗೆ ಹೋಗಲಿಲ್ಲ. ಲೋಕಮ್ಮ ಉಣ್ಣಿಸುತ್ತಿದ್ದಳು, ಮೀಸೆ ಒರೆಸುತ್ತಿದ್ದಳು, ಹಿತ್ತಿಲಿಗೆ ಕರೆದುಕೊಂಡು ಹೋಗಿ ಮುಖ ಬೇರೆ ಕಡೆ ತಿರುಗಿಸಿ ನಿಲ್ಲುತ್ತಿದ್ದಳು. ಒಂದು ದಿನ ಅವನು ತಾನಾಗಿಯೇ ಸೊರಬಕ್ಕೆ ಹೋಗಿ ಬರುತ್ತೇನೆ ಅಂದ. ಶರಟಿನ ತೋಳುಗಳನ್ನು ಲೋಕಮ್ಮ ಮಡಿಸಿ ಪಿನ್ ಹಾಕಿದಳು.

ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಪರಿಚಯದವರು ಕೂತಿದ್ದರು. ಕರೆದು ಪಕ್ಕದಲ್ಲಿ ಕೂರಿಸಿಕೊಂಡರು, ಚಹಾ ಹೇಳಿದರು. ಒಬ್ಬನು ಲೋಟ ಹಿಡಿದು ಕುಡಿಸಿದ. ಮೊದಲೆಲ್ಲ ಒಳ್ಳೆಯ ಮಾತೇ ಆಯಿತು. ಪರಮಶಿವಪ್ಪ ಅನ್ನುವ ಅಡಿಕೆ ವ್ಯಾಪಾರದವನಿಗೆ ಬಾಯಿ ತಡೆಯಲಿಲ್ಲ.

"ಏನೇ ಅನ್ನು, ಲಾಭ ನಿಮ್ಮ ಮಾವಂದು. ಅಳಿಯಂಗೆ ಉಂಗ್ರ ಇಡೋ ಹಂಗಿಲ್ಲ, ವಾಚು ಕಟ್ಟೋ ಹಂಗಿಲ್ಲ."

ಒಬ್ಬ, "ಥೂ, ಸುಮ್ನಿರಪಾ," ಅಂದ. ಅಂದವನೂ ನಗುತ್ತಲೇ ಇದ್ದ. ಯೋಗೇಶ ತಾನೂ ನಕ್ಕ, ಯಾಕೆಂದರೆ ಚಹಾ ಇನ್ನೂ ಅರ್ಧ ಲೋಟ ಉಳಿದಿತ್ತು ಮತ್ತು ಲೋಟ ಅವರ ಕೈಯಲ್ಲಿತ್ತು. ಅಲ್ಲಿಂದ ಎದ್ದು ಬರುವಾಗ ಅವನ ಹಿಂದೆ ಯಾರೋ ಹೊಸಬರಿಗೆ ಹೇಳುತ್ತಿದ್ದುದು ಕೇಳಿಸಿತು: "ಲೈನ್ ಕ್ಲಿಯರ್ ಯೋಗೇಶ ಅಂದ್ರೆ ಇವ್ನೇ." ಆ ಹೆಸರು ಅವನಿಗಿಂತ ಮುಂಚೆ ಹೊಸಬಾಳೆ ಮುಟ್ಟಿತು. ಶಾಲೆಯ ಮಕ್ಕಳು ಅವನನ್ನು ಕಂಡರೆ ಎರಡೂ ಕೈಗಳನ್ನು ಅಂಗಿಯ ಒಳಗೆ ಎಳೆದುಕೊಂಡು ಖಾಲಿ ತೋಳು ಬೀಸುತ್ತಾ ನಡೆದು ತೋರಿಸುತ್ತಿದ್ದರು.

ಲೋಕಮ್ಮ ಜಯಪ್ಪನ ಮನೆಗೆ ಹೋಗಿ ಕೇಳಿದಳು. ಅಶ್ವಿನಿಯ ಮದುವೆ ಮುಗಿದು ಚಪ್ಪರ ಇನ್ನೂ ಬಿಚ್ಚಿರಲಿಲ್ಲ.

"ಅಣ್ಣಾ, ನೀನು ಮಾತು ಕೊಟ್ಟಿದ್ದೆ."

"ಕೈ ಇದ್ದೋನಿಗೆ ಕೊಟ್ಟಿದ್ದೆ ತಂಗಿ," ಅಂದ ಜಯಪ್ಪ. "ನನ್ನ ಮಗ್ಳು ಜೀವಮಾನ ಪೂರ್ತಿ ತುತ್ತು ಕಲಸಿ ತಿನ್ನಿಸ್ಕೊಂಡು ಇರ್ಬೇಕಾ? ನೀನೇ ಹೆಣ್ಣು ಹೆತ್ತಿದ್ರೆ ಕೊಡ್ತಿದ್ಯಾ?"

ಲೋಕಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. ಬರುವಾಗ ದಾರಿಯುದ್ದಕ್ಕೂ ಅವಳ ಸಿಟ್ಟು ಜಯಪ್ಪನನ್ನು ಬಿಟ್ಟು ಶಶಿರೇಖಾಳ ಮೇಲೆ ತಿರುಗಿತು. ಅವಳು ಒಂದು ಗಳಿಗೆ ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ತನ್ನ ಮಗನ ಕೈಗಳು ಇರುತ್ತಿದ್ದವು. ಇದನ್ನು ಲೋಕಮ್ಮ ಸಿಕ್ಕಿದವರಿಗೆಲ್ಲ ಹೇಳಿದಳು. ಹೇಳಿ ಹೇಳಿ ಅದೇ ನಿಜವಾಯಿತು. ರಾಡು, ಸಂಗಮೇಶ, ನಾಗೇಶ ಎಲ್ಲ ಮರೆತುಹೋಗಿ, ಹುಡುಗಿಯ ಬಾಯಿ ಒಂದೇ ಉಳಿಯಿತು.

ಯೋಗೇಶ ಹಾಗೆ ಅಂದುಕೊಳ್ಳಲಿಲ್ಲ. ಅವಳು ಒಂದು ಸಲ ಬರಲಿ ಅಂತ ಕಾಯುತ್ತಿದ್ದ. ಅಪ್ಪನನ್ನು ಮೀರಿ ಬಾ ಅಂತ ಕೇಳಬೇಕು, ಬಂದರೆ ಸರಿ, ಬರದಿದ್ದರೆ ಅದನ್ನು ಅವಳ ಬಾಯಿಂದಲೇ ಕೇಳಬೇಕು ಅಂತ ಉಜ್ಜಪ್ಪನ ಹತ್ತಿರ ಹೇಳಿದ್ದ.

ಅವಳು ಬಂದಳು. ಒಂದು ಮಧ್ಯಾಹ್ನ ಬಸ್ಸಿಳಿದು, ಮನೆಯಲ್ಲಿ ಹೇಳದೆ ಒಬ್ಬಳೇ ಬಂದಳು. ಲೋಕಮ್ಮ ಕಿಟಕಿಯಿಂದಲೇ ನೋಡಿದಳು. ಎದ್ದವಳು ಹೊರಗೆ ಹೋಗಿ ಬಾಗಿಲು ಎಳೆದು ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಯಾಕ್ ಬಂದೆ? ಉಳಿದಿರೋದು ಕಾಲು. ಅದೂ ಬೇಕಾ?"

"ಅತ್ತೆ, ಭಾವನ್ನ ಒಂದ್ಸಲ ನೋಡಿ ಹೋಗ್ತೀನಿ."

"ನಿನ್ನ ಮುಖ ನೋಡೋಕೆ ಅವ್ನಿಗೆ ಇಷ್ಟ ಇಲ್ಲ."

ಒಳಗೆ ಮಲಗಿದ್ದ ಯೋಗೇಶ ಧ್ವನಿ ಗುರುತು ಹಿಡಿದು ಎದ್ದ. ಮುಂದಿನ ಬಾಗಿಲಿಗೆ ಭುಜ ಕೊಟ್ಟು ನೋಡಿದ, ತೆರೆಯಲಿಲ್ಲ. ಹಿತ್ತಿಲ ಬಾಗಿಲಿಗೆ ಓಡಿದ. ಅದಕ್ಕೆ ಒಳಗಿನಿಂದ ಚಿಲಕ ಇತ್ತು, ಹಳೆಯದು, ತುಕ್ಕು ಹಿಡಿದದ್ದು. ಎಡಗೈಯ ಮೊಂಡು ಇನ್ನೂ ಹಸಿ ಇತ್ತು. ಅದರಿಂದ ತಳ್ಳಿದಾಗ ಕಣ್ಣಿಗೆ ಕತ್ತಲೆ ಬಂತು. ಬಾಗಿ, ಚಿಲಕದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯತೊಡಗಿದ.

ಮುಂದೆ ಶಶಿರೇಖಾ ಬಾಗಿಲಿನ ಕಡೆ ಕೂಗಿ ಹೇಳಿದಳು.

"ಭಾವ, ನೀವು ಬೇಡ ಅಂದ್ರೆ ಹೋಗ್ತೀನಿ. ಬಾ ಅಂದ್ರೆ ಇಲ್ಲೇ ಇರ್ತೀನಿ. ಒಂದ್ಮಾತು ಹೇಳಿ ಸಾಕು."

ಅಕ್ಕಪಕ್ಕದವರು ಜಗಲಿಗೆ ಬಂದು ನಿಂತಿದ್ದರು. ಎಲ್ಲರೂ ಒಳಗಿನಿಂದ ಬರುವ ಮಾತಿಗೆ ಕಾದರು. ಯೋಗೇಶನಿಗೆ ಅವಳ ಮಾತು ಒಂದೊಂದೂ ಕೇಳಿಸಿತು. ಚಿಲಕ ಆಗ ಸ್ವಲ್ಪ ಸರಿದಿತ್ತು. ಬಾಯಿ ಬಿಟ್ಟರೆ ಅದು ಮತ್ತೆ ಹಿಂದಕ್ಕೆ ಹೋಗುತ್ತದೆ, ಇನ್ನೊಂದು ಎಳೆತ ಸಾಕು, ಎದುರಿಗೇ ಹೋಗಿ ನಿಂತು ಹೇಳುತ್ತೇನೆ ಅಂದುಕೊಂಡ. ಬಾಯಲ್ಲಿ ಕಬ್ಬಿಣ ಇತ್ತು, ರಕ್ತ ಇತ್ತು. ಅವನು ಕೂಗಲಿಲ್ಲ.

"ಕೇಳಿಸ್ತಾ?" ಅಂದಳು ಲೋಕಮ್ಮ. "ಇದೇ ಅವ್ನ ಉತ್ರ."

ಶಶಿರೇಖಾ ಇನ್ನೂ ಸ್ವಲ್ಪ ಹೊತ್ತು ನಿಂತಳು. ಆಮೇಲೆ ತಲೆಯ ಮೇಲೆ ವೇಲು ಎಳೆದುಕೊಂಡು ರಸ್ತೆಯ ಕಡೆ ನಡೆದಳು. ಹಿಂದಿನಿಂದ ಯಾರೋ ಮುದುಕಿ, "ಮಾಡೋದೆಲ್ಲ ಮಾಡಿ ಈಗ ನಾಟ್ಕ," ಅಂದಳು.

ಚಿಲಕ ಬಿಚ್ಚಿಕೊಂಡಾಗ ಯೋಗೇಶ ಮುಗ್ಗರಿಸಿ ಹಿತ್ತಿಲಿಗೆ ಬಿದ್ದ. ಊರಲು ಕೈ ಇಲ್ಲದ್ದರಿಂದ ಮುಖವೇ ನೆಲಕ್ಕೆ ಬಡಿಯಿತು. ಎದ್ದು, ಮನೆಯನ್ನು ಸುತ್ತಿ ರಸ್ತೆಗೆ ಓಡಿ ಬರುವ ಹೊತ್ತಿಗೆ ಸೊರಬದ ಬಸ್ಸು ತಿರುವಿನಲ್ಲಿತ್ತು. ಅವನು ಆಗ ಕೂಗಿದ. ಒಂದು ಹಲ್ಲು ಮುರಿದು ತುಟಿ ಒಡೆದಿದ್ದರಿಂದ ಏನು ಕೂಗಿದ ಅಂತ ಜಗಲಿಯ ಮೇಲಿದ್ದವರಿಗೂ ತಿಳಿಯಲಿಲ್ಲ. ಆಮೇಲೆ ಉಜ್ಜಪ್ಪನಿಗೆ ಹೇಳಿ, ಅವನಿಂದ ಅವಳಿಗೆ ಫೋನ್ ಮಾಡಿಸಿದ. ಅವಳ ಫೋನು ಅಷ್ಟರಲ್ಲಿ ಜಯಪ್ಪನ ಜೇಬಿಗೆ ಹೋಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಯಾರೋ ನೋಡಿ ಅಪ್ಪನಿಗೆ ತಿಳಿಸಿದ್ದರು.

ಜಯಪ್ಪ ಹೊಸಬಾಳೆಗೆ ಬಂದದ್ದು ಅದಾದ ಮೇಲಿನ ಮಾಘದಲ್ಲಿ. ಲೋಕಮ್ಮ ನೀರಿಗೆ ಹೋಗಿದ್ದಳು. ಜಗಲಿಯ ಮೇಲೆ ಯೋಗೇಶ ಒಬ್ಬನೇ ಇದ್ದ. ಜಯಪ್ಪನ ಕಂಕುಳಲ್ಲಿ ಲಗ್ನಪತ್ರಿಕೆಯ ಕಟ್ಟು, ಕೈಯಲ್ಲಿ ಅಕ್ಷತೆಯ ಬಟ್ಟಲು.

"ಹೆಂಗಿದೀಯಪಾ?"

"ಹಿಂಗೇ ಇದೀನಿ ಮಾವ."

"ಶಶೀದು ಗೊತ್ತಾಯ್ತು. ಹುಡುಗ ಹರಿಹರದ ಕಡೆಯೋನು, ಅಂಗಡಿ ಇದೆ. ಕರೀದೆ ಇದ್ರೆ ಜನ ಏನಂತಾರೆ ಹೇಳು. ರಕ್ತ ಸಂಬಂಧ."

ಅಭ್ಯಾಸದ ಮೇಲೆ ಜಯಪ್ಪ ಪತ್ರಿಕೆಯ ಮೇಲೆ ಅಕ್ಷತೆ ಇಟ್ಟು ಮುಂದೆ ಚಾಚಿದ. ಅಭ್ಯಾಸದ ಮೇಲೆಯೇ ಯೋಗೇಶನೂ ಎದ್ದು ನಿಂತ. ಪಿನ್ ಹಾಕಿದ ತೋಳುಗಳೆರಡೂ ಮೇಲಕ್ಕೆ ಎದ್ದು ನಿಂತವು. ಜಯಪ್ಪ ಪತ್ರಿಕೆಯನ್ನು ಹಿಂದಕ್ಕೆ ತೆಗೆದುಕೊಂಡ. ಆ ಕಡೆ ಈ ಕಡೆ ನೋಡಿದ, ಕೊಡುವುದಕ್ಕೆ ಮನೆಯಲ್ಲಿ ಬೇರೆ ಯಾರೂ ಕಾಣಲಿಲ್ಲ. ಅಕ್ಷತೆಯನ್ನು ಬಟ್ಟಲಿಗೆ ವಾಪಸ್ ಉದುರಿಸಿ, ಪತ್ರಿಕೆಯನ್ನು ಮಡಿಸಿ ಯೋಗೇಶನ ಅಂಗಿಯ ಜೇಬಿಗೆ ತುರುಕಿದ.

"ಅಮ್ಮನ್ನೂ ಕರ್ಕೊಂಡು ಬಾ. ಊಟ ಮಾಡ್ದೆ ಹೋಗ್ಬಾರ್ದು ಮತ್ತೆ."

"ಯಾವತ್ತು ಮಾವ?"

ಜಯಪ್ಪ ಆಗಲೇ ಚಪ್ಪಲಿ ಮೆಟ್ಟುತ್ತಿದ್ದ. ಇನ್ನೂ ಸುಮಾರು ಮನೆಗಳಿದ್ದವು.

"ಅದ್ರಲ್ಲೇ ಇದೆ, ಓದ್ಕೊ," ಅಂದು ಹೊರಟ.

ಯೋಗೇಶ ಗಲ್ಲವನ್ನು ಎದೆಗೆ ಒತ್ತಿ ಜೇಬಿನ ಕಡೆ ನೋಡಿದ. ಪತ್ರಿಕೆಯ ಅರಿಶಿನ ಹಚ್ಚಿದ ಮೂಲೆ ಮಾತ್ರ ಕಾಣುತ್ತಿತ್ತು. ಹಲ್ಲಿಗೆ ಅದು ಎಟುಕಲಿಲ್ಲ. ಲೋಕಮ್ಮ ನೀರು ಹೊತ್ತು ಬರುವವರೆಗೂ ಅವನು ಹಾಗೇ ನಿಂತಿದ್ದ.